ಬಣ್ಣ ಮುಟ್ಟದ ಹಲಗೆ

ನಾನು ಒಂದು ಮರದ ಹಲಗೆ. ಉದ್ದ ಮೂವತ್ತೊಂಬತ್ತು ಸೆಂಟಿಮೀಟರ್, ಅಗಲ ಇಪ್ಪತ್ತೇಳು, ದಪ್ಪ ಎರಡೂವರೆ. ತೊಂಬತ್ತು ವರ್ಷಗಳಲ್ಲಿ ಈ ಅಳತೆ ಒಂದೆರಡು ಮಿಲಿಮೀಟರ್ ಕುಗ್ಗಿರಬಹುದು. ಎಷ್ಟು ಒಣಗಿದ ಮರವೂ ಇನ್ನಷ್ಟು ಒಣಗುತ್ತಲೇ ಇರುತ್ತದೆ.

ಜಪಾನಿನ ಇಜು ಎಂಬ ಪ್ರಾಂತದಲ್ಲಿ, ಕಡಲಿಗೆ ಎದುರಾಗಿ ನಿಂತ ಗುಡ್ಡದ ಮೇಲಿನ ಕಾಡು ಚೆರ್ರಿ ಮರದಿಂದ ನಾನು ಬಂದೆ. ಚೆರ್ರಿ ಎಂದರೆ ಜನಕ್ಕೆ ಹೂವು ನೆನಪಾಗುತ್ತದೆ. ನಮ್ಮನ್ನು ಕಡಿದವರಿಗೆ ಹೂವಿನ ಗೊಡವೆ ಇರಲಿಲ್ಲ. ಉಪ್ಪುಗಾಳಿಗೆ ಮೈಯೊಡ್ಡಿದ ಮರ ನಿಧಾನವಾಗಿ ಬೆಳೆಯುತ್ತದೆ, ಅದರ ವರ್ಷದುಂಗುರಗಳು ಒತ್ತೊತ್ತಾಗಿರುತ್ತವೆ. ಅಂಥ ಮರದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೆತ್ತಿದರೂ ಅದು ಮುರಿಯದೆ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಅದು. ಕಡಿದರು, ಸೀಳಿದರು, ನೆರಳಿನಲ್ಲಿ ಏಳು ವರ್ಷ ಪೇರಿಸಿಟ್ಟರು. ಆಮೇಲೆ ಟೋಕಿಯೊ ನಗರದ ತಗ್ಗುಪೇಟೆಗೆ, ಗೊಂಜಿರೊ ಎಂಬ ಕೆತ್ತನೆಗಾರನ ಮುಂದೆ ತಂದು ಹಾಕಿದರು.

ಅಲ್ಲಿ ನಾನೊಬ್ಬನೇ ಇರಲಿಲ್ಲ. ಒಂದೇ ಚಿತ್ರಕ್ಕಾಗಿ ನಾವು ಹನ್ನೊಂದು ಹಲಗೆಗಳಿದ್ದೆವು. ಬಣ್ಣದ ಅಚ್ಚುಚಿತ್ರ ಆಗುವುದೇ ಹಾಗೆ. ಚಿತ್ರಕಾರ ಬರೆಯುತ್ತಾನೆ, ಕೆತ್ತನೆಗಾರ ಪ್ರತಿ ಬಣ್ಣಕ್ಕೂ ಬೇರೆ ಹಲಗೆ ಕೆತ್ತುತ್ತಾನೆ, ಮುದ್ರಕ ಒಂದೇ ಹಾಳೆಯನ್ನು ಒಂದೊಂದು ಹಲಗೆಯ ಮೇಲೂ ಸರದಿಯಂತೆ ಹಾಕಿ ಒತ್ತುತ್ತಾನೆ. ಹಲಗೆಗಳು ಮಾತ್ರ ಈ ಮೂವರಲ್ಲಿ ಯಾರದೂ ಅಲ್ಲ. ಅವು ಪ್ರಕಾಶಕನವು. ಚಿತ್ರದ ಮೇಲೆ ಚಿತ್ರಕಾರನ ಹೆಸರು ಇರುತ್ತದೆ, ಅಂಚಿನಲ್ಲಿ ಪ್ರಕಾಶಕನ ಮುದ್ರೆ ಇರುತ್ತದೆ. ಕೆತ್ತಿದವನೂ ಒತ್ತಿದವನೂ ಕಾಣುವುದು ಅಪರೂಪ.

ನಮ್ಮ ಚಿತ್ರ ಒಂದು ಬೆಳ್ಳಕ್ಕಿಯದು. ಮುಸ್ಸಂಜೆಯ ನೀರಿನಲ್ಲಿ, ಜೊಂಡಿನ ನಡುವೆ, ಒಂಟಿ ಕಾಲಿನಲ್ಲಿ ನಿಂತ ಹಕ್ಕಿ. ನೀರಿನ ನೀಲಿಗೆ ಮೂರು ಹಲಗೆ, ಜೊಂಡಿಗೆ ಎರಡು, ಕೊಕ್ಕಿಗೆ, ಕಾಲಿಗೆ, ಆಕಾಶಕ್ಕೆ, ಹೀಗೆ ಹತ್ತಾದವು. ಹನ್ನೊಂದನೆಯವನು ನಾನು. ನನ್ನ ಪಾಲಿಗೆ ಬಂದದ್ದು ಹಕ್ಕಿ. ಬೆಳ್ಳಕ್ಕಿ ಬಿಳಿ, ಕಾಗದವೂ ಬಿಳಿ. ಹಾಗಾಗಿ ನನಗೆ ಬಣ್ಣವೇ ಇಲ್ಲ. ನನ್ನ ಮೈಯಲ್ಲಿ ಹಕ್ಕಿಯ ಬೆನ್ನಿನ ಗರಿಗಳನ್ನು ತಗ್ಗಾಗಿ ತೋಡಿದ್ದರು. ಒದ್ದೆ ಹಾಳೆಯನ್ನು ನನ್ನ ಮೇಲೆ ಕವುಚಿ, ಹಿಂದಿನಿಂದ ಬಲವಾಗಿ ಅದುಮಿದರೆ ಕಾಗದ ಆ ತಗ್ಗುಗಳಿಗೆ ಇಳಿಯುತ್ತದೆ. ಹಾಳೆ ತಿರುಗಿಸಿದಾಗ ಬಿಳಿಯ ಮೇಲೆ ಬಿಳಿಯಾಗಿ ಗರಿಗಳು ಎದ್ದು ನಿಂತಿರುತ್ತವೆ. ಪಕ್ಕದಿಂದ ಬೆಳಕು ಬಿದ್ದರೆ ಕಾಣುತ್ತವೆ, ನೇರ ನೋಡಿದರೆ ಇಲ್ಲ.

ಅದುಮಲು, ಮುದ್ರಕರು ಹಾಳೆಯ ಬೆನ್ನು ಉಜ್ಜುವ ಬಿದಿರಿನ ಒತ್ತುಬಿಲ್ಲೆ ಸಾಲದು. ಅದಕ್ಕೆ ಮೊಣಕೈಯ ಮೂಳೆಯೇ ಬೇಕು. ಆ ಮೊಣಕೈ ಮುದ್ರಕ ತೊಕುಜಿಯದು. ನಲವತ್ತು ದಾಟಿದ, ಗಿಡ್ಡ ಕಾಲಿನ, ಅಗಲ ಬೆನ್ನಿನ ಮನುಷ್ಯ. ನನ್ನನ್ನು ಕೆತ್ತಿ ಮುಗಿಸಿದ ದಿನ ಗೊಂಜಿರೊ ಅವನಿಗೆ ನನ್ನನ್ನು ಎತ್ತಿ ಕೊಟ್ಟ.

"ಲೋ ತೊಕು, ನೂರ ಹದಿಮೂರು ಗರಿ ತೋಡಿದ್ದೀನಿ, ಎಣಿಸ್ಕೊ. ಒಂದು ಕಮ್ಮಿ ಎದ್ದರೂ ನಿನ್ನ ಮೊಣಕೈ ಕುಯ್ದು ಉಪ್ಪಿನಕಾಯಿ ಹಾಕ್ತೀನಿ."

"ಹಾಕಣ್ಣ, ಹಾಕು. ಆ ಮೂರು ಹಲ್ಲಲ್ಲಿ ಅಗಿಯೋದು ಹೇಗೆ ಅಂತ ಯೋಚ್ನೆ ಮಾಡ್ಕೊಂಡಿದ್ದೀಯಾ?"

ಇಬ್ಬರೂ ನಕ್ಕರು. ಇಪ್ಪತ್ತು ವರ್ಷ ಜೊತೆಗೆ ದುಡಿದವರ ನಗು ಅದು. ಅದನ್ನು ನಾನು ನಂಬಿದೆ.

ಮೊದಲ ಸಲ ಅರವತ್ತು ಹಾಳೆ ಅಚ್ಚಾದವು. ನವೆಂಬರ್ ತಿಂಗಳು, ಒಣ ಹವೆ. ತೊಕುಜಿ ಹತ್ತು ಬಣ್ಣ ಮುಗಿಸಿ ಕೊನೆಗೆ ನನ್ನ ಬಳಿ ಬರುತ್ತಿದ್ದ. ತೋಳು ಮಡಚಿ, ಮೊಣಕೈಯ ತುದಿಯನ್ನು ಒಂದು ಗರಿಯ ಬುಡದಲ್ಲಿ ಇಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ತುದಿಯವರೆಗೆ ಜಾರಿಸುತ್ತಿದ್ದ. ಆಮೇಲೆ ಮುಂದಿನ ಗರಿ. ಅವನ ಹೆಂಡತಿ ಇಸೊ ಒಂದೊಂದೇ ಹಾಳೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದಳು. ಮಿಕ್ಕ ಚಿತ್ರಗಳನ್ನು ರಟ್ಟಿನ ನಡುವೆ ಭಾರ ಹೇರಿ ಒಣಗಿಸುತ್ತಾರೆ. ಇದನ್ನು ಹಾಗೆ ಮಾಡುವಂತಿಲ್ಲ. ಪೂರ್ತಿ ಒಣಗುವ ತನಕ ಇದರ ಮೇಲೆ ಏನೂ ಬೀಳಬಾರದು.

ಆ ಅರವತ್ತು ಹಾಳೆಗಳನ್ನು ಕೊಂಡವರು ಅವನ್ನು ಕೈಯಲ್ಲಿ ಹಿಡಿದು, ಕಿಟಕಿಯ ಪಕ್ಕ ಕುಳಿತು, ಓರೆ ಮಾಡಿ ನೋಡುವ ಜನ. ಚಿತ್ರ ಬರೆದ ಶಿರಾಕಿ ರಿನ್ಸೆಯಿ ಕ್ಷಯರೋಗದಿಂದ ಮಲಗಿದ್ದ. ಮೊದಲ ಹಾಳೆಯನ್ನು ಹಾಸಿಗೆಯಲ್ಲೇ ನೋಡಿ, "ನಾನು ಹಕ್ಕಿ ನಿಲ್ಲೋಕೆ ಜಾಗ ಬಿಟ್ಟಿದ್ದೆ ಅಷ್ಟೇ. ಹಕ್ಕಿ ತಂದೋರು ನೀವು" ಎಂದನಂತೆ. ತೊಕುಜಿ ಅದನ್ನು ಹೆಂಡತಿಗೆ ಮೂರು ಸಲ ಹೇಳಿದ. ರಿನ್ಸೆಯಿ ವಸಂತಕ್ಕೆ ಮೊದಲೇ ತೀರಿಕೊಂಡ.

ಅದೇ ಹೊತ್ತಿಗೆ ನನ್ನ ಒಡೆಯ ಬದಲಾದ. ಹಳೆಯ ಪ್ರಕಾಶಕ ವಿಶ್ರಾಂತಿಗೆ ಹೊರಟು, ಅಂಗಡಿ ಅಳಿಯ ಕಜುಮಾನ ಕೈಗೆ ಬಂತು. ಕಜುಮಾ ಹತ್ತಿ ನೂಲು ರಫ್ತು ಮಾಡುವ ಕಂಪನಿಯಲ್ಲಿ ಇದ್ದವನು. ಕೆಟ್ಟವನಲ್ಲ. ಶುಚಿ, ಸಮಯಪಾಲನೆ, ಟೈಪು ಮಾಡಿದ ಪತ್ರ, ಇವು ಅವನ ಗುಣ. ಅಮೆರಿಕದ ವ್ಯಾಪಾರಿಯೊಬ್ಬನಿಗೆ ಬೆಳ್ಳಕ್ಕಿಯ ಒಂದು ಮಾದರಿ ಹಾಳೆ ಕಳಿಸಿ, ಇನ್ನೂರು ಹಾಳೆಗಳ ಬೇಡಿಕೆ ತರಿಸಿಕೊಂಡ. ಹಡಗು ಜೂನ್ ಇಪ್ಪತ್ತಕ್ಕೆ.

ಜೂನ್ ಎಂದರೆ ಅಲ್ಲಿ ಮಳೆಗಾಲ. ಗೋಡೆಯೂ ಬೆವರುತ್ತದೆ. ಒಂದು ಗರಿಗೆ ಒಂದೇ ಸಲ ಮೊಣಕೈ ಇಟ್ಟರೂ ಇನ್ನೂರು ಹಾಳೆಗೆ ಇಪ್ಪತ್ತೆರಡು ಸಾವಿರದ ಆರುನೂರು ಸಲವಾಯಿತು. ತೊಕುಜಿ ಅಷ್ಟನ್ನೂ ಒತ್ತಿದ. ನೂರನೆಯ ಹಾಳೆಯ ಹೊತ್ತಿಗೆ ಅವನ ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನಷ್ಟು ನೀರುಗುಳ್ಳೆ ಎದ್ದಿತ್ತು. ಬಟ್ಟೆ ಸುತ್ತಿ ಮುಂದುವರಿಸಿದ. ಬಟ್ಟೆ ಇದ್ದರೆ ಗರಿಯ ತುದಿ ಮೊಂಡಾಗುತ್ತದೆಂದು ಬಿಚ್ಚಿಹಾಕಿದ. ನನಗೆ ಅವನ ಮುಖ ಕಾಣುತ್ತಿರಲಿಲ್ಲ, ನಡುವೆ ಹಾಳೆ ಇರುತ್ತಿತ್ತು. ಆದರೆ ಅವನ ಭಾರ ಗೊತ್ತಾಗುತ್ತಿತ್ತು. ಇನ್ನೂರನೆಯ ಹಾಳೆಯ ಮೇಲೂ ಮೊದಲನೆಯದರ ಮೇಲಿದ್ದಷ್ಟೇ ಭಾರ ಇತ್ತು. ಇದಕ್ಕೆ ನನಗಿಂತ ಹತ್ತಿರದ ಸಾಕ್ಷಿ ಯಾರೂ ಇಲ್ಲ.

ಹದಿನೈದನೆಯ ತಾರೀಖು ಕಜುಮಾನ ಗುಮಾಸ್ತ ಬಂದ.

"ಇನ್ನು ನಾಲ್ಕು ದಿನ ಹಗ್ಗದ ಮೇಲಿರಲಿ. ಹಸಿ ಇದೆ" ಎಂದ ತೊಕುಜಿ.

"ಹಡಗು ಕಾಯಲ್ಲ, ತೊಕು-ಸಾನ್. ಮುಟ್ಟಿದ್ರೆ ಒಣಗಿದ ಹಾಗೇ ಇದೆಯಲ್ಲ."

"ಕೈಗೆ ಒಣಗಿದೆ. ಕಾಗದಕ್ಕೆ ಒಣಗಿಲ್ಲ."

ಗುಮಾಸ್ತನಿಗೆ ನಗು ಬಂತು. ಹಾಳೆಗಳನ್ನೂ ಹನ್ನೊಂದು ಹಲಗೆಗಳನ್ನೂ ಗಾಡಿಗೆ ಹೇರಿಕೊಂಡು ಹೋದ. ಅಚ್ಚು ಮುಗಿದ ಮೇಲೆ ಹಲಗೆಗಳು ಪ್ರಕಾಶಕನ ಉಗ್ರಾಣಕ್ಕೆ ಮರಳುವುದು ಪದ್ಧತಿ. ಹಾಗಾಗಿ ಮುಂದೆ ನಡೆದದ್ದನ್ನು ನಾನು ಉಗ್ರಾಣದ ಕಪಾಟಿನಿಂದ ನೋಡಿದೆ. ಹಸಿ ಹಾಳೆಗಳು ಅಂಚಿನಲ್ಲಿ ಮುದುರಿದ್ದವು. ಅವು ಪೆಟ್ಟಿಗೆಯಲ್ಲಿ ನೆಟ್ಟಗೆ ಕೂರುವುದಿಲ್ಲವೆಂದು ಕಜುಮಾ ಅವನ್ನು ಪುಸ್ತಕ ಕಟ್ಟುವವರ ಕಬ್ಬಿಣದ ಒತ್ತುಯಂತ್ರದಲ್ಲಿ ಇಡಲು ಹೇಳಿದ. ಗುಮಾಸ್ತ ತಿರುಪು ಬಿಗಿದ. ಮೂರು ದಿನ. ನಾಲ್ಕನೆಯ ದಿನ ತೆಗೆದಾಗ ಹಾಳೆಗಳು ಮೇಜಿನ ಗಾಜಿನಂತೆ ಸಪಾಟಾಗಿದ್ದವು. ಕಜುಮಾ ಸಂತೋಷಪಟ್ಟ.

ಸೆಪ್ಟೆಂಬರಿನಲ್ಲಿ ಇನ್ನೂರು ಹಾಳೆಗಳೂ ವಾಪಸ್ಸು ಬಂದವು. ಜೊತೆಗೊಂದು ಪತ್ರ. ಮಾದರಿಯಲ್ಲಿದ್ದ ಗರಿಗಳು ಇವುಗಳಲ್ಲಿ ಇಲ್ಲ, ಇದು ಮೋಸ ಎಂದು.

ಕಜುಮಾ ತೊಕುಜಿಯನ್ನೂ ಗೊಂಜಿರೊನನ್ನೂ ಉಗ್ರಾಣಕ್ಕೆ ಕರೆಸಿದ. ಹಾಳೆಗಳನ್ನು ಮುಂದಿಟ್ಟ. ತೊಕುಜಿ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಓರೆ ಹಿಡಿದ. ಇನ್ನೊಂದು ಹಿಡಿದ. ಆಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಕಬ್ಬಿಣದ ಯಂತ್ರಕ್ಕೆ ಹೋಯಿತು.

"ಇವನ್ನ ಅದರಲ್ಲಿ ಇಟ್ಟಿದ್ರಾ?"

ಕಜುಮಾ ಹೇಳಿದ: "ಇಟ್ಟಿದ್ವಿ. ಅದಕ್ಕೇನೀಗ? ವರ್ಷಕ್ಕೆ ಸಾವಿರ ಪುಸ್ತಕ ಅದರಲ್ಲಿ ಒತ್ತುತೀವಿ. ಯಾವ ಪುಸ್ತಕದ ಅಕ್ಷರವೂ ಅಳಿಸಿ ಹೋಗಿಲ್ಲ."

"ಅಕ್ಷರ ಮಸಿಯಿಂದ ಆಗಿದ್ದು ಸ್ವಾಮಿ. ಇದು ಬರೀ ಉಬ್ಬು. ಹಸಿ ಇದ್ದಾಗ ಭಾರ ಬಿದ್ದರೆ ಕೂತುಬಿಡುತ್ತೆ."

"ಒಳ್ಳೆ ಕಥೆ." ಕಜುಮಾ ಕಪಾಟಿನಿಂದ ಹನ್ನೊಂದು ಹಲಗೆಗಳನ್ನೂ ತೆಗೆಸಿ ಸಾಲಾಗಿ ಜೋಡಿಸಿದ. "ನಾನು ಲೆಕ್ಕದ ಮನುಷ್ಯ, ಕಣ್ಣಿಗೆ ಕಂಡದ್ದನ್ನ ನಂಬೋನು. ನೋಡು. ಇದು ನೀಲಿ, ಇದಕ್ಕೆ ಬಣ್ಣ ಹತ್ತಿದೆ. ಇದು ಜೊಂಡು, ಹತ್ತಿದೆ. ಇದು ಕೊಕ್ಕು, ಹತ್ತಿದೆ. ಹತ್ತು ಹಲಗೆ ಕೆಲಸ ಮಾಡಿದ ಗುರುತು ಇದೆ. ಇದೊಂದು ನೋಡು." ನನ್ನನ್ನು ಎತ್ತಿ ಹಿಡಿದ. "ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಒಂದು ಕಲೆ ಇಲ್ಲ. ಇದನ್ನ ನೀನು ಮುಟ್ಟೇ ಇಲ್ಲ."

ನನ್ನ ಶುಭ್ರತೆ ನನಗೆ ಹೆಮ್ಮೆಯಾಗಿತ್ತು, ಆ ಕ್ಷಣದವರೆಗೆ.

ತೊಕುಜಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ನಗಲು ಹೋಗಿ, ಗೊಂಜಿರೊನತ್ತ ತಿರುಗಿದ. "ಅಣ್ಣ, ನೀನೇ ಹೇಳು. ಇದಕ್ಕೆ ಬಣ್ಣ ಹಾಕೋದುಂಟಾ? ಬಣ್ಣ ಇಲ್ಲದ ಹಲಗೆಗೆ ಕಲೆ ಎಲ್ಲಿಂದ ಬರಬೇಕು? ಮಾದರಿ ಹಾಳೆ ಒತ್ತಿದ್ದೂ ಇದೇ ಹಲಗೇಲಿ ಅಲ್ವಾ?"

ಕಜುಮಾ ಕೇಳಿದ: "ಅದು ನನ್ನ ಕಾಲದ್ದಲ್ಲ, ಒತ್ತಿದ್ದನ್ನ ನಾನು ಕಂಡಿಲ್ಲ. ಹೇಳಿ ಗೊಂಜಿರೊ. ಇದು ಬಳಸಿದ ಹಲಗೆಯೋ ಅಲ್ಲವೋ?"

ಗೊಂಜಿರೊಗೆ ಹಿಂದಿನ ವಾರವಷ್ಟೇ ಕಜುಮಾ ಹನ್ನೆರಡು ಹಕ್ಕಿಗಳ ಹೊಸ ಸರಣಿಯ ಕೆತ್ತನೆ ಒಪ್ಪಿಸಿದ್ದ. ಮೂರು ವರ್ಷದ ಕೆಲಸ. ಮುದುಕ ನನ್ನನ್ನು ಕೈಗೆ ತೆಗೆದುಕೊಂಡ. ಅವನ ಹೆಬ್ಬೆರಳು ನನ್ನ ಗರಿಗಳ ಅಂಚಿನ ಮೇಲೆ ಹೋಯಿತು. ತಾನು ಕತ್ತರಿಸಿದಾಗ ಚೂಪಾಗಿದ್ದ ಅಂಚುಗಳು ಇನ್ನೂರ ಅರವತ್ತು ಹಾಳೆಗಳ ಒತ್ತಡಕ್ಕೆ ಎಷ್ಟು ನಯವಾಗಿವೆ ಎಂಬುದು ಆ ಬೆರಳಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು.

"ನಾನು ಕೆತ್ತೋನು ಸ್ವಾಮಿ," ಎಂದ ಗೊಂಜಿರೊ. "ಒತ್ತೋ ವಿಷಯ ನಂಗೆ ತಿಳಿಯಲ್ಲ."

ತೊಕುಜಿ ತೋಳು ಮೇಲೆತ್ತಿ ಮೊಣಕೈ ತೋರಿಸಿದ. ನೀರುಗುಳ್ಳೆ ಒಡೆದು ಕಪ್ಪುಗಟ್ಟಿತ್ತು. "ಇದಕ್ಕೇನಂತೀರಿ?"

"ಕುಡಿದು ಬಿದ್ದಿರಬೇಕು" ಎಂದ ಕಜುಮಾ.

ಆ ಊರಿನಲ್ಲಿ ಮುದ್ರಕನ ಬದುಕು ಒಂದೇ ವಿಷಯದ ಮೇಲೆ ನಿಂತಿತ್ತು: ಪ್ರಕಾಶಕ ಅವನನ್ನು ನಂಬಿ ಹಲಗೆ ಕೊಡಬೇಕು. ಒಂದು ಹಲಗೆ ಒತ್ತದೆ ಬಿಟ್ಟು ಕೆಲಸ ಕದ್ದವನು ಎಂಬ ಮಾತು ಒಂದು ಅಂಗಡಿಯಿಂದ ಎದ್ದರೆ ಉಳಿದ ಅಂಗಡಿಗಳ ಬಾಗಿಲೂ ಮುಚ್ಚಿದಂತೆ. ತೊಕುಜಿ ಅಕ್ಟೋಬರಿನಲ್ಲಿ, ನವೆಂಬರಿನಲ್ಲಿ, ಡಿಸೆಂಬರಿನಲ್ಲಿ ಬೇರೆ ಅಂಗಡಿಗಳನ್ನು ಸುತ್ತಿದ. ಎಲ್ಲರೂ ಚಹಾ ಕೊಟ್ಟರು. ಹಲಗೆ ಕೊಡಲಿಲ್ಲ. ಜನವರಿಯಲ್ಲಿ ಅವನು ಮತ್ತೆ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ.

ಕಜುಮಾನ ಬಳಿ ಸಿದ್ಧ ಉಪಾಯವಿತ್ತು. ಕಾಣದ ಗರಿ ಮಾಡಿ ಫಲವಿಲ್ಲ. ಕಾಣುವ ಗರಿ ಮಾಡೋಣ. ನನಗೆ ಬೂದು ಬಣ್ಣ ಹಚ್ಚಿ ಅದೇ ಇನ್ನೂರು ಹಾಳೆಗಳ ಮೇಲೆ ಒತ್ತಿದರೆ, ತೋಡಿದ ಗರಿಗಳು ಬಿಳಿಯಾಗಿ ಉಳಿದು ಸುತ್ತ ಬೂದು ನೆರಳು ಬರುತ್ತದೆ. ದೂರದಿಂದಲೂ ಕಾಣುತ್ತದೆ. ಅದನ್ನು ತೊಕುಜಿಯೇ ಒತ್ತಲಿ. ಆದರೆ ಮೊದಲು ತಪ್ಪೊಪ್ಪಿಗೆ ಬರೆದು, ಅಲ್ಲಿ ಸಹಿಯ ಬದಲಿಗೆ ಹಾಕುವ ಹೆಸರಿನ ಮುದ್ರೆ ಹಾಕಿಕೊಡಬೇಕು. ಒಂದು ಪ್ರತಿ ಅಮೆರಿಕಕ್ಕೆ, ಒಂದು ಅಂಗಡಿಯ ಕಡತಕ್ಕೆ. ಆಮೇಲೆ ಮೊದಲಿನಂತೆ ಕೆಲಸ.

ತೊಕುಜಿ ಬರೆದುಕೊಟ್ಟ. ಅಂದೇ ನನ್ನನ್ನು ಮತ್ತೆ ಗೊಂಜಿರೊ ಬಳಿ ಕಳಿಸಿದರು. ಬಣ್ಣ ಹಕ್ಕಿಯ ಮೈ ದಾಟಬಾರದೆಂದು ಅವನು ಸುತ್ತಲಿನ ಮರವನ್ನು ಉಳಿಯಿಂದ ಕೆತ್ತಿ ತೆಗೆದ.

ಸಂಜೆ ತೊಕುಜಿ ನನ್ನನ್ನೂ ಆ ಇನ್ನೂರು ಹಾಳೆಗಳನ್ನೂ ಮನೆಗೆ ತಂದಾಗ ಇಸೊ ಕೇಳಿದಳು: "ಬರೆದುಕೊಟ್ರಾ?"

"ಕೊಟ್ಟೆ."

"ಏನಂತ?"

"ಹನ್ನೊಂದನೇ ಹಲಗೆ ಒತ್ತಲಿಲ್ಲ. ಸೋಮಾರಿತನ ಮಾಡ್ದೆ ಅಂತ."

"ಸೋಮಾರಿತನ! ಆ ಮಾತು ಅವರು ಹೇಳಿಕೊಟ್ರಾ?"

"ಇಲ್ಲ. ಅವರು ಕೈತಪ್ಪು ಅಂತ ಬರಿ ಅಂದ್ರು. ನಾನೇ ಬೇಡ ಅಂದೆ. ಕೈತಪ್ಪು ಅಂದ್ರೆ ಕೆಲಸ ಬರಲ್ಲ ಅಂತಾಯ್ತು. ಸೋಮಾರಿ ಅಂದ್ರೆ ಬರುತ್ತೆ, ಮಾಡ್ಲಿಲ್ಲ ಅಂತ."

ಇಸೊ ನನ್ನನ್ನು ಅವನ ಕೈಯಿಂದ ತೆಗೆದು ಗೋಡೆಗೆ ಒರಗಿಸಿದಳು. "ಇನ್ನೂರು ಹಾಳೆ ಹಗ್ಗಕ್ಕೆ ಹಾಕಿದ್ದು ನಾನು. ನನ್ನನ್ನ ಒಬ್ರೂ ಕೇಳ್ಲಿಲ್ಲ."

ಮಾರನೆಯ ದಿನದ ಅಚ್ಚಿಗೆ ಸಿದ್ಧವಾಗಲೆಂದು ಅವಳು ಆ ರಾತ್ರಿಯೇ ಇನ್ನೂರು ಹಾಳೆಗಳನ್ನೂ ಒದ್ದೆ ಕಾಗದಗಳ ನಡುವೆ ಇಟ್ಟಳು. ಒಣ ಹಾಳೆ ಬಣ್ಣ ಹೀರುವುದಿಲ್ಲ. ಬೆಳಿಗ್ಗೆ ಮೇಲಿನ ಹೊದಿಕೆ ತೆಗೆದವಳು, "ಬನ್ನಿ ಇಲ್ಲಿ" ಎಂದು ಕೂಗಿದಳು.

ಹಾಳೆಯ ಮೇಲೆ ಗರಿಗಳು ಎದ್ದಿದ್ದವು.

ಇದರಲ್ಲಿ ಪವಾಡವೇನೂ ಇಲ್ಲ. ಆ ಕಾಗದ ಹಿಪ್ಪುನೇರಳೆಯ ಬಂಧುವಾದ ಗಿಡದ ತೊಗಟೆಯ ನಾರಿನದು. ನಾನು ಒತ್ತಿದಾಗ ಆ ನಾರುಗಳು ಹಿಗ್ಗಿ ಉದ್ದವಾಗಿದ್ದವು. ಯಂತ್ರ ಅವನ್ನು ಚಪ್ಪಟೆಯಾಗಿ ಮಲಗಿಸಿತ್ತು, ಆದರೆ ಮೊದಲಿನಷ್ಟು ಗಿಡ್ಡ ಮಾಡಿರಲಿಲ್ಲ. ನೀರು ಸೋಕಿ ಹಿಡಿತ ಸಡಿಲವಾದಾಗ ಹೆಚ್ಚಾಗಿದ್ದ ಉದ್ದಕ್ಕೆ ಹೋಗಲು ಬೇರೆ ದಾರಿಯಿರಲಿಲ್ಲ, ಮೇಲೆದ್ದಿತು. ಇನ್ನೂರು ಹಾಳೆ, ಇನ್ನೂರು ಸಾಕ್ಷಿ, ತಪ್ಪೊಪ್ಪಿಗೆಗೆ ಮುದ್ರೆ ಬಿದ್ದ ಮಾರನೆಯ ಬೆಳಿಗ್ಗೆ.

"ಈಗಲೇ ಹೋಗಿ ತೋರಿಸಿ," ಎಂದಳು ಇಸೊ.

ತೊಕುಜಿ ಕೂತಲ್ಲಿಂದ ಏಳಲಿಲ್ಲ. "ಪತ್ರ ಕೊಟ್ಟಾಗಿದೆ. ತಪ್ಪು ತಮ್ದು ಅಂತ ಒಪ್ಕೊಳ್ಳೋದಕ್ಕಿಂತ ನನ್ನನ್ನ ಓಡಿಸೋದು ಅವರಿಗೆ ಸಲೀಸು."

"ಹಾಗಾದ್ರೆ ನಾನು ಹೋಗ್ತೀನಿ."

ಒಂದು ಹಾಳೆಯನ್ನು ಎರಡು ತೆಳು ಹಲಗೆಗಳ ನಡುವೆ, ತಾಗದಂತೆ, ಎದೆಗೆ ಅವುಚಿಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಬಂದಳು. ಹಾಳೆ ಅವಳ ಜೊತೆಯಲ್ಲೇ ಇತ್ತು.

"ನೋಡಿದ್ರಾ?" ಎಂದ ತೊಕುಜಿ.

"ನೋಡಿದ್ರು. ಬೆಳಕಿಗೆ ಹಿಡಿದೇ ನೋಡಿದ್ರು. ಚೆನ್ನಾಗಿ ಬಂದಿದೆ ಅಂದ್ರು." ಅವಳು ಹಾಳೆಯ ಮೇಲಿನ ತೆಳು ಹಲಗೆ ತೆಗೆದಳು. "ಹಲಗೆ ಈಗ ನಿಮ್ಮ ಮನೇಲೇ ಇದೆಯಲ್ಲ, ರಾತ್ರಿ ಕೂತು ಒತ್ತಿರ್ತಾನೆ, ಜೂನ್‌ನಲ್ಲೇ ಈ ಶ್ರದ್ಧೆ ಇದ್ದಿದ್ರೆ ಅಂದ್ರು."

ಇಲ್ಲಿ ಒಂದು ಮಾತು ಹೇಳಬೇಕು. ಗೊಂಜಿರೊ ನನ್ನ ಸುತ್ತಲಿನ ಮರವನ್ನು ಆಗಲೇ ಕೆತ್ತಿ ತೆಗೆದಿದ್ದ. ಹಿಂದಿನ ರಾತ್ರಿ ಒತ್ತಿದ ಹಾಳೆಯಾಗಿದ್ದರೆ ಹಕ್ಕಿಯ ಮೈಯ ಸುತ್ತ ಆ ಹೊಸ ಅಂಚಿನ ಗುರುತೂ ಬೀಳಬೇಕಿತ್ತು. ಇಸೊ ಒಯ್ದ ಹಾಳೆಯಲ್ಲಿ ಅದು ಇರಲಿಲ್ಲ. ನನ್ನನ್ನೂ ಆ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಒಂದು ನಿಮಿಷದಲ್ಲಿ ಎಲ್ಲ ಇತ್ಯರ್ಥವಾಗುತ್ತಿತ್ತು. ಯಾರೂ ನೋಡಲಿಲ್ಲ. ಸತ್ಯಕ್ಕೆ ಪುರಾವೆ ಇದ್ದರೆ ಸಾಲದು, ಅಳೆಯುವ ಮನಸ್ಸುಳ್ಳವನೂ ಒಬ್ಬ ಬೇಕು.

ತೊಕುಜಿ ಮಸಿಗೆ ನೀರು ಸೇರಿಸಿ ಬೂದು ಮಾಡಿದ. ಕುಂಚ ಅದ್ದಿ ನನ್ನ ಮೇಲೆ ಎತ್ತಿದವನು ಹಾಗೆಯೇ ನಿಂತ.

"ಹಾಕಿ," ಎಂದಳು ಇಸೊ. "ಬಿಳಿ ನೋಡೋ ಕಣ್ಣು ಅವರಿಗಿಲ್ಲ."

ಬಣ್ಣ ತಣ್ಣಗಿತ್ತು. ಒಣ ಮರ ಮೊದಲ ಹನಿಯನ್ನು ಎಷ್ಟು ಬೇಗ ಕುಡಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನು ಹಾಳೆ ಹಾಸಿ ಒತ್ತುಬಿಲ್ಲೆ ಹಿಡಿದ. ಅದರ ಅಡಿಯಲ್ಲಿ, ಹಿಂದೆ ಅವನದೇ ಮೊಣಕೈ ಎಬ್ಬಿಸಿದ್ದ ಗರಿಗಳು ಒಂದೊಂದಾಗಿ ಮತ್ತೆ ಮಲಗಿದವು. ಬೇಕಾಬಿಟ್ಟಿ ಒತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವನು ಹಾಗೆ ಮಾಡಲಿಲ್ಲ. ಬೂದು ಕತ್ತಿನ ಬಳಿ ಗಾಢವಾಗಿ, ಬೆನ್ನಿನ ಮೇಲೆ ತೆಳುವಾಗುತ್ತ, ಬಾಲದ ಹತ್ತಿರ ಇಲ್ಲವಾಗುವಂತೆ, ಇನ್ನೂರು ಹಾಳೆಯಲ್ಲೂ ಒಂದೇ ಸಮನಾಗಿ ತಂದ. ಅಷ್ಟು ಒಳ್ಳೆಯ ಕೆಲಸವನ್ನು ಅಷ್ಟು ದ್ವೇಷದಿಂದ ಯಾರೂ ಮಾಡಿರಲಾರರು. ಇಸೊ ಒಯ್ದು ತಂದ ಆ ಒಂದು ಹಾಳೆಯನ್ನೂ ಅವನು ಬಿಡಲಿಲ್ಲ.

ಆ ಇನ್ನೂರು ಒಂದೇ ವರ್ಷದಲ್ಲಿ ಮಾರಾಟವಾದವು. ಇನ್ನಷ್ಟು ಅಚ್ಚಾದವು. ಬೆಳ್ಳಕ್ಕಿ ಎಂದರೆ ಜನ ಬೂದು ನೆರಳಿನ ಬೆಳ್ಳಕ್ಕಿಯನ್ನೇ ಕೇಳತೊಡಗಿದರು. ತೊಕುಜಿ ಆರು ವರ್ಷ ಒತ್ತಿದ. ಆ ವರ್ಷಗಳಲ್ಲಿ ಅವನು ಗೊಂಜಿರೊ ಮನೆಗೆ ಹೋದದ್ದಿಲ್ಲ. ಕೊನೆಗೆ ಮೊಣಕೈಯ ಹಳೆಯ ಗಾಯ ಕೀವಾಗಿ ತೋಳು ಮಡಚಲಾರದಂತಾಯಿತು. ಬೇರೆ ಮುದ್ರಕ ಬಂದ. ತೊಕುಜಿಯ ಮುಂದಿನ ಸುದ್ದಿ ಉಗ್ರಾಣದವರೆಗೆ ಬರಲಿಲ್ಲ. ಮೊದಲ ಅರವತ್ತು ಹಾಳೆಗಳನ್ನು ಕೊಂಡವರ ಮನೆಗಳು ಯುದ್ಧದಲ್ಲಿ ಬಾಂಬು ಬಿದ್ದು ಸುಟ್ಟವು. ಮಣ್ಣಿನ ದಪ್ಪ ಗೋಡೆಯ ಉಗ್ರಾಣ ಉಳಿಯಿತು, ಅದರೊಳಗೆ ನಾನೂ ಕಡತಗಳೂ ಉಳಿದೆವು. ಅಂಗಡಿ ಮುಚ್ಚಿದಾಗ ಎಲ್ಲವೂ ಒಟ್ಟಾಗಿ ಒಂದು ವಸ್ತುಸಂಗ್ರಹಾಲಯಕ್ಕೆ ಹೋದವು.

ಈಗ ನಾನಿರುವ ಕೋಣೆಯಲ್ಲಿ ಉಷ್ಣತೆ ಇಪ್ಪತ್ತು ಡಿಗ್ರಿ, ತೇವಾಂಶ ಐವತ್ತೈದು ಪ್ರತಿಶತ. ಹೀಗೆ ನನ್ನನ್ನು ಯಾರೂ ನೋಡಿಕೊಂಡಿರಲಿಲ್ಲ. ಕಳೆದ ವರ್ಷ ನಾವೊ ಎಂಬ ಸಂರಕ್ಷಕಿ ನನ್ನನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಜಾಗ್ರತೆಯ ಹುಡುಗಿ, ಕೈಗವಸು ಹಾಕಿಯೇ ಮುಟ್ಟುವವಳು. ನನ್ನ ನಾರುಗಳೊಳಗೆ ಬೂದು ಮಸಿ ಕಂಡು ಟಿಪ್ಪಣಿ ಬರೆದಳು: ಬಣ್ಣದ ಹಲಗೆ, ಬಹಳ ಬಳಕೆಯಾದದ್ದು. ಮಸಿಯ ಪದರದ ಅಡಿಯಲ್ಲಿ ಬಣ್ಣವಿಲ್ಲದ ಒಂದು ಹಳೆಯ ಸವೆತ ಇದೆಯೆಂದು ತಿಳಿಯುವ ಉಪಕರಣ ಅವಳಲ್ಲಿರಲಿಲ್ಲ. ಆಮೇಲೆ ಕಡತ ಬಿಚ್ಚಿ ಆ ಪತ್ರ ಓದಿದಳು. ಪಕ್ಕದ ಮೇಜಿನವನಿಗೆ ತೋರಿಸಿದಳು.

"ಇಲ್ನೋಡಿ ಸಾರ್, ಮುದ್ರಕನ ಹೆಸರೇ ಸಿಕ್ಕಿತು! ನಗಾಸು ತೊಕುಜಿ. ಸೋಮಾರಿತನದಿಂದ ಗರಿ ಹಲಗೆ ಬಿಟ್ಟುಬಿಟ್ಟೆ ಅಂತ ಅವನೇ ಬರ್ದಿದ್ದಾನೆ."

"ಪರವಾಗಿಲ್ಲ, ಪ್ರಾಮಾಣಿಕ ಸೋಮಾರಿ," ಎಂದು ಅವನು ನಕ್ಕ. "ಸೇರಿಸಿಬಿಡಿ. ಇಂಥ ವಿವರ ಸಿಗೋದೇ ಅಪರೂಪ."

ನಮ್ಮ ಚಿತ್ರದ ಚೀಟಿಗೆ ಸೇರಿಸಿದಳು. ಈ ಕೋಣೆಯಲ್ಲಿ ನಾಲ್ಕು ನೂರಕ್ಕೂ ಮಿಕ್ಕಿ ಹಕ್ಕಿಗಳ ಅಚ್ಚುಚಿತ್ರಗಳಿವೆ: ಗುಬ್ಬಿ, ಕೊಕ್ಕರೆ, ಮಿಂಚುಳ್ಳಿ, ಕಾಗೆ. ನಮ್ಮದನ್ನು ಬಿಟ್ಟು ಪ್ರತಿಯೊಂದರ ಚೀಟಿಯಲ್ಲೂ ಮುದ್ರಕನ ಹೆಸರಿಗೊಂದು ಸಾಲಿದೆ, ಅದರ ಮುಂದೆ 'ತಿಳಿದಿಲ್ಲ' ಎಂದಿದೆ. ಅವರೂ ಬೆನ್ನು ಬಗ್ಗಿಸಿ ದುಡಿದವರೇ. ಯಾರೂ ಅವರ ಮೇಲೆ ತಪ್ಪು ಹೊರಿಸಲಿಲ್ಲ, ಆದ್ದರಿಂದ ಅವರಿಗೆ ಎಲ್ಲೂ ಮುದ್ರೆ ಹಾಕಬೇಕಾಗಿ ಬರಲಿಲ್ಲ, ಆದ್ದರಿಂದ ಅವರು ಯಾರೆಂದು ಇಂದು ಯಾರಿಗೂ ಗೊತ್ತಿಲ್ಲ. ಒಬ್ಬ ಮುದ್ರಕನ ಹೆಸರು ಮಾತ್ರ ಉಳಿದಿದೆ. ಅದು ಅವನು ಮಾಡದ ತಪ್ಪಿನ ಕೆಳಗೆ, ಅವನದೇ ಅಕ್ಷರದಲ್ಲಿ ಇದೆ.